ರಾಜೀವಿಯ ಏಳನೇ ಭಾಷೆ

ಜರ್ಮನ್ ಕಲಿಸುವುದರಲ್ಲಿ ಸುಮಿತ್ರಾ ಟೀಚರನ್ನು ಮೀರಿಸುವವರಿಲ್ಲ ಎಂದು ಮುಂಬಯಿಯ ಗ್ರಾಂಟ್ ರೋಡಿನ ಕನ್ನಡ ಸಂಘದ ಸಂಜೆ ತರಗತಿಯಲ್ಲಿ ಎಲ್ಲರೂ ಒಪ್ಪಿದ್ದರು, ಸ್ವತಃ ಸುಮಿತ್ರಾ ಕೂಡ. ತಪ್ಪು ಕಿವಿಗೆ ಬಿದ್ದರೆ ಸಾಕು, ಅಲ್ಲೇ ಹಿಡಿದು ತಿದ್ದುತ್ತಿದ್ದರು. ಮೈಸೂರಿನಲ್ಲಿ ಅವರು ಕಲಿತದ್ದೇ ಹಾಗೆ.

ಆದರೆ ತರಗತಿಗೆ ಬರುತ್ತಿದ್ದ ಪರೇಲಿನ ಆಸ್ಪತ್ರೆಯ ನರ್ಸ್ ರಾಜೀವಿ, ತಾನು ತಪ್ಪು ಹೇಳಿದಾಗಲೆಲ್ಲ ಕಿಸಕ್ಕನೆ ನಗುತ್ತಿದ್ದಳು. ಸೋಮವಾರ ಟೀಚರಿಗೆ ತಡೆಯಲಾಗಲಿಲ್ಲ. "ಇದೇನು ಹುಡುಗಾಟ ಅಂದ್ಕೊಂಡಿದೀರಾ?" ಎಂದು ಎಲ್ಲರೆದುರು ಗದರಿಬಿಟ್ಟರು. ಬುಧವಾರ ರಾಜೀವಿ ಬರಲಿಲ್ಲ, ಶುಕ್ರವಾರವೂ ಇಲ್ಲ. ಜರ್ಮನಿಯ ಆಸ್ಪತ್ರೆಯೊಂದು ಅವಳಿಗೆ ಕೆಲಸ ಕೊಡಲು ಒಪ್ಪಿತ್ತು. ಮುಂದಿನ ತಿಂಗಳ ಭಾಷಾ ಪರೀಕ್ಷೆ ಪಾಸಾಗದಿದ್ದರೆ ಅದು ಕೈತಪ್ಪುತ್ತಿತ್ತು. ಟೀಚರಿಗೆ ಊಟ ಸೇರಲಿಲ್ಲ. ಶನಿವಾರ ಆಸ್ಪತ್ರೆಯ ಗೇಟಿಗೇ ಹೋಗಿ ನಿಂತರು.

"ಇನ್ನು ಕ್ಲಾಸು ಬೇಡ ಟೀಚರ್," ಎಂದಳು ರಾಜೀವಿ. "ಭಾಷೆ ಎಲ್ಲ ಹುಟ್ಟಿನಿಂದಲೇ ಬರ್ಬೇಕು. ನನ್ನ ತಲೆಗೆ ಹೋಗುದಿಲ್ಲ."

"ಮನೇಲಿ ಏನು ಮಾತಾಡ್ತೀರಾ?"

"ತುಳು. ಪಕ್ಕದವರ ಹತ್ರ ಕೊಂಕಣಿ, ನಿಮ್ಮ ಹತ್ರ ಕನ್ನಡ. ವಾರ್ಡಲ್ಲಿ ಮರಾಠಿ, ಹಿಂದಿ. ಡಾಕ್ಟ್ರ ಹತ್ರ ಇಂಗ್ಲಿಷ್."

"ಆರು ಭಾಷೆ ಬರುತ್ತಲ್ರೀ!"

"ಅದೆಲ್ಲ ಕಲ್ತದ್ದಾ ಟೀಚರ್? ಸುಮ್ಮನೆ ಬಂದದ್ದು. ಮರಾಠಿ ತಪ್ಪು ಮಾತಾಡಿದ್ರೆ ವಾರ್ಡಿನ ಅಜ್ಜಿಯಂದಿರು ನಗ್ತಿದ್ರು. ನಾಚಿಕೆ ಆಗ್ತಿತ್ತು, ನಾನೂ ನಗ್ತಿದ್ದೆ. ಅಲ್ಲಿ ಯಾರೂ ಬೈಲಿಲ್ಲ."

ಟೀಚರ ಮುಖ ಸಪ್ಪಗಾಯಿತು. ಆ ನಗು ಉಡಾಫೆಯದಲ್ಲ, ನಾಚಿಕೆಯದು. ಇಷ್ಟೂ ತಿಳಿಯದೆ ತಾನೆಂಥ ಟೀಚರು ಎಂದು ಸಂಕಟವಾಯಿತು. ಇಷ್ಟು ವರ್ಷ ಮುಂಬಯಿಯಲ್ಲಿದ್ದೂ, ತಪ್ಪಾದೀತೆಂಬ ಹೆದರಿಕೆಗೆ ಅವರು ಮರಾಠಿಯಲ್ಲಿ ಬಾಯಿ ಬಿಟ್ಟವರೇ ಅಲ್ಲ. ಸೊಪ್ಪು ಬೇಕಾದರೂ ಬೆರಳು ತೋರಿಸಿ ಕೊಳ್ಳುತ್ತಿದ್ದರು.

ಏನನ್ನಿಸಿತೋ, ಗೇಟಿನ ಪಕ್ಕ ಸೀಬೆಹಣ್ಣು ಮಾರುತ್ತಿದ್ದ ಹೆಂಗಸಿನ ಮುಂದೆ ನಿಂತು, ಗಟ್ಟಿ ಮನಸ್ಸು ಮಾಡಿ ಮರಾಠಿಯಲ್ಲಿ ಬೆಲೆ ಕೇಳಿದರು. ಹೆಂಗಸು ಕಣ್ಣರಳಿಸಿ ನಕ್ಕಳು. ರಾಜೀವಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಟೀಚರ ಕಿವಿ ಬಿಸಿಯಾಯಿತು, ಅಲ್ಲಿಂದ ಓಡಿಬಿಡೋಣವೆನಿಸಿತು. ಅಳು ಬರುವಂತಿತ್ತು, ಬಂದದ್ದು ಮಾತ್ರ ಕಿಸಕ್ಕನೆ ನಗು.

"ಅಯ್ಯೋ ಟೀಚರ್, ಹಾಗಲ್ಲ! ನಾನು ಹೇಳಿಕೊಡ್ತೇನೆ ಬನ್ನಿ," ಎಂದು ರಾಜೀವಿ ಅವರ ಕೈ ಹಿಡಿದಳು.

"ಕಲೀತೀನಿ. ಸೋಮವಾರ ಕ್ಲಾಸಿಗೆ ಬರ್ತೀರಾ?"

ರಾಜೀವಿ ತಡವರಿಸುತ್ತ, ಜರ್ಮನ್ ಭಾಷೆಯಲ್ಲೇ, ಬರುತ್ತೇನೆ ಎಂದಳು. ವಾಕ್ಯ ತಪ್ಪಾಗಿತ್ತು. ಟೀಚರಿಗೆ ನಾಲಗೆ ತುರಿಸಿತು, ತಡೆದುಕೊಂಡರು.

"ಕಾಯ್ತಿರ್ತೀನಿ ಕಣಮ್ಮಾ," ಎಂದರು.