ಪಕ್ಕು ಚಿಲಕ ಹಾಕಿದಳು

ಟಕ್ ಅಂದದ್ದು ಪಾರಿವಾಳ ಇರಬೇಕು, ದೆಹಲಿಯಲ್ಲಿರುವ ಅಷ್ಟೂ ಪಾರಿವಾಳಗಳಿಗೆ ನಮ್ಮ ಬಾಲ್ಕನಿಯೇ ಬೇಕು, ಬಟ್ಟೆ ಹರವುವುದನ್ನೇ ಕಾದಿದ್ದು ಬಂದು ಕೂರುತ್ತವೆ, ಇದೊಂದು ಬೆಡ್‌ಶೀಟ್ ಹಿಂಡಿ ತಂತಿಗೆ ಹಾಕಿದರೆ ಮುಗಿಯಿತು, ಬೆರಳುಗಳು ಮರಗಟ್ಟಿ ನನ್ನವೋ ಬೇರೆಯವರವೋ ತಿಳಿಯದಂತಾಗಿವೆ, ಈ ಜನವರಿಯ ಬಿಸಿಲು ನೋಡುವುದಕ್ಕಷ್ಟೇ, ಮೈಗೆ ತಾಕುವುದಿಲ್ಲ, ದಾವಣಗೆರೆಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಬಟ್ಟೆ ಒಣಗಿ ಮಡಿಸಿಟ್ಟಾಗಿರುತ್ತಿತ್ತು — ಅಲ್ಲ, ಪಾರಿವಾಳವಲ್ಲ, ಅದು ಕಬ್ಬಿಣದ ಸದ್ದು, ತಿರುಗಿ ನೋಡಿದರೆ ಬಾಗಿಲು ಮುಚ್ಚಿದೆ, ಬಾಗಿಲಿನ ಗಾಜಿನಾಚೆ ಪಕ್ಕು ನಿಂತಿದ್ದಾಳೆ, ಪ್ರಕೃತಿ ಎಂದು ಹೆಸರಿಟ್ಟು ಯಾರೂ ಹಾಗೆ ಕರೆಯದ, ಎರಡು ತುಂಬಿ ಮೂರಕ್ಕೆ ಬಿದ್ದಿರುವ ನನ್ನ ಮಗಳು, ಎರಡೂ ಕೈ ತಟ್ಟಿ ತನಗೆ ತಾನೇ ಶಭಾಷ್ ಹೇಳಿಕೊಳ್ಳುತ್ತಿದ್ದಾಳೆ, ಅಪ್ಪಾ ದೇಖೋ, ಪಕ್ಕು ಚಿಲಕ ಹಾಕ್ ದಿಯಾ. ಹಾಕಿದ್ದಾಳೆ. ಕೆಳಗಿನ ಚಿಲಕ, ಅವಳ ಹೊಟ್ಟೆಯೆತ್ತರದ್ದು, ಕಲಿಸಿದವನು ನಾನೇ, ನಿನ್ನೆ ಸಂಜೆ ತಣ್ಣನೆಯ ಗಾಳಿ ನುಗ್ಗುತ್ತಿತ್ತು, ಪಕ್ಕು, ಚಿಲಕ ಹಾಕಮ್ಮ ಅಂದೆ, ಎರಡೂ ಕೈಯಲ್ಲಿ ನೂಕಿ ಹಾಕಿಯೇಬಿಟ್ಟಳು, ನಾನು ಚಪ್ಪಾಳೆ ತಟ್ಟಿದೆ, ಅಷ್ಟೇ, ಆಮೇಲೆ ಊಟದ ಹೊತ್ತಿನವರೆಗೂ ಅದೇ ಆಟ, ಹಾಕು ಅನ್ನು ಅಪ್ಪಾ ಎಂದು ಹೇಳಿಸುವುದು, ಹಾಕಿರುವುದನ್ನು ತಾನೇ ಸರಿಸಿ ಮತ್ತೆ ಹಾಕುವುದು. ಈಗ ನಾನು ಬನಿಯನ್ನು ಲುಂಗಿಯಲ್ಲಿ ಎರಡನೇ ಮಹಡಿಯ ಬಾಲ್ಕನಿಯಲ್ಲಿದ್ದೇನೆ, ಫೋನು ಒಳಗೆ ಫ್ರಿಜ್ಜಿನ ಮೇಲೆ, ಸ್ಫೂರ್ತಿ ಮನೆಯ ಬೀಗದಕೈ ಬ್ಯಾಗಿಗೆ ಹಾಕಿಕೊಂಡು ಚಾಣಕ್ಯಪುರಿಯಲ್ಲಿರುವ ನಮ್ಮ ರಾಜ್ಯದ ಭವನಕ್ಕೆ ಹೋಗಿದ್ದಾಳೆ, ಊರಿನಿಂದ ಸರ್ಕಾರಿ ಕೆಲಸಕ್ಕೆ ಬಂದ ಯಾರದೋ ಕೈಯಲ್ಲಿ ಅವಳ ಅಮ್ಮ ರೊಟ್ಟಿ, ಶೇಂಗಾ ಚಟ್ನಿಪುಡಿ ಕಳಿಸಿದ್ದಾರೆ, ಹೋಗುವಾಗ ಬಾಗಿಲಲ್ಲಿ ನಿಂತು ನೋಡ್ಕೋತೀರಲ್ಲ ರೀ ಅಂದಳು, ನಾನು ನಕ್ಕೆ. ನಕ್ಕೆನಲ್ಲ. ಮಾನೇಸರದ ಕಾರ್ಖಾನೆಯಲ್ಲಿ ಕಾರಿನ ಬಾಗಿಲಿನ ಲಾಕುಗಳನ್ನು ಪರೀಕ್ಷೆ ಮಾಡಿ ಪಾಸು ಮಾಡುವವನು ನಾನು, ವಾರವಿಡೀ ಅದೇ ಕೆಲಸ, ಭಾನುವಾರ ಒಂದು ದಿನ ಮಗಳ ಜೊತೆ.

ಗಾಬರಿಯೇನಿಲ್ಲ, ಹಾಕಿದವಳು ತೆಗೆಯುತ್ತಾಳೆ, ಗಾಜಿಗೆ ಬಗ್ಗಿ ಮೆತ್ತಗೆ, ಪಕ್ಕು, ಈಗ ತೆಗಿ, ತೆಗಿ ಪುಟ್ಟಾ — ಅವಳು ತಲೆ ಓರೆ ಮಾಡಿ ನೋಡಿದಳು, ನೋಡಿ ಟೋಪಿ ತೆಗೆದಳು. ಟೋಪಿ ಅಲ್ಲಮ್ಮ, ತೆಗಿ, ಅದನ್ನ ತೆಗಿ ಎಂದು ಬೆರಳು ಕೆಳಗೆ ತೋರಿಸಿದೆ, ಸ್ವೆಟರಿನ ಗುಂಡಿಗಳನ್ನು ನೋಡಿಕೊಂಡಳು, ಅದು ತಲೆಯ ಮೇಲಿಂದ ಹೋಗುವಾಗ ಸಿಕ್ಕಿಕೊಂಡು ಕೈಗಳೆರಡೂ ಮೇಲೆ, ಮುಖ ಉಣ್ಣೆಯೊಳಗೆ, ಒಂದು ಸುತ್ತು ಕುರುಡಾಗಿ ತಿರುಗಿ ಕಿತ್ತೆಸೆದು, ಕೂದಲೆಲ್ಲ ನಿಮಿರಿ ನಿಂತು, ಮತ್ತೆ ಚಪ್ಪಾಳೆ. ನನಗೆ ನಗು ಬಂತು, ಬರದೆ ಏನು, ಈ ಮನೆಯಲ್ಲಿ ಅವಳಿಗೆ ತೆಗಿ ಎಂದು ಹೇಳುವುದು ಬಟ್ಟೆಗೆ ಮಾತ್ರ, ಬಾಗಿಲು ತೆಗಿ ಎಂದು ಯಾವತ್ತಾದರೂ ಹೇಳಿದ್ದೇವಾ, ಬಾಗಿಲ ಹತ್ತಿರವೇ ಬಿಡುವುದಿಲ್ಲ. ಮನೆಯೊಳಗೆ ಕನ್ನಡವೇ ಆಗಬೇಕು ಎಂಬ ಕಾನೂನು ನನ್ನದು, ಸ್ಫೂರ್ತಿಯ ಆಫೀಸಿನ ಕ್ರೆಶ್‌ನಲ್ಲಿ ಇಡೀ ದಿನ ಹಿಂದಿ, ಮನೆಗೆ ಬಂದ ಮೇಲಾದರೂ ಬೇಡವೇ, ಅವಳು ಪಾನಿ ಅಂದರೆ ನೀರು ಅನ್ನುವವರೆಗೆ ಲೋಟ ಎತ್ತಿ ಹಿಡಿದುಕೊಂಡು ಕೂರುತ್ತಿದ್ದೆ, ಅಂಥವನು ಈಗ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿ, ತೆಗಿ ಎಂಬುದನ್ನೇ ಹಿಂದಿಯಲ್ಲಿ, ಪಕ್ಕು, ಖೋಲೋ. ಬಾಯಿ ತೆರೆದಳು. ಆ ಎಂದು ಅಗಲವಾಗಿ, ಕಿರುನಾಲಿಗೆ ಕಾಣುವಷ್ಟು, ಕ್ರೆಶ್‌ನ ಆಯಮ್ಮ ಅನ್ನ ತಿನ್ನಿಸುವಾಗ ಮುಂಹ್ ಖೋಲೋ, ಮುಂಹ್ ಖೋಲೋ ಅನ್ನುತ್ತಾಳಲ್ಲ, ಖೋಲೋ ಅಂದರೆ ಬಾಯಿ. ಏನೂ ಬಂದು ಬಾಯಿಗೆ ಬೀಳದಿದ್ದಾಗ ಮುಚ್ಚಿದಳು, ಅಪ್ಪನ ಮೇಲೆ ಸ್ವಲ್ಪ ಬೇಸರ. ಆಮೇಲೆ ನಾನು ಹೇಳದೆಯೇ ನೆಲದಲ್ಲಿ ಕುಳಿತು ಕಾಲುಚೀಲ, ಒಂದು ಬಂತು, ಇನ್ನೊಂದು ಹಿಮ್ಮಡಿಯಲ್ಲಿ ನಿಂತಿತು, ಪ್ಯಾಂಟು, ಒಳಗಿನ ಥರ್ಮಲ್ಲು, ಬೇಡ ಪಕ್ಕು, ಥಂಡಿ, ಹಾಕ್ಕೋ, ಬೇಡ ಅನ್ನುತ್ತಿದ್ದೇನೆ ಆದರೆ ನನ್ನ ಮುಖ ನಗುತ್ತಿದೆ, ಅವಳು ಓದುವುದು ಮುಖವನ್ನು, ಮಾತನ್ನಲ್ಲ. ಈಗ ಮೈಮೇಲೆ ಒಂದೇ ಒಂದು ಕಾಲುಚೀಲ. ಎದ್ದು ನಿಂತು ತನ್ನ ಹೊಟ್ಟೆ ತಟ್ಟಿಕೊಂಡಳು. ಚಾನ, ಅಂದಳು. ಅಪ್ಪಾ, ಚಾನ.

ಸ್ನಾನ. ಬಟ್ಟೆ ಎಲ್ಲ ತೆಗೆದಾದ ಮೇಲೆ ಸ್ನಾನ, ಇನ್ನೇನು, ಅದು ಅವಳಿಗೆ ಗೊತ್ತು — ಬಕೆಟ್ಟು. ಬಕೆಟ್ಟಿನಲ್ಲಿ ರಾಡು. ನಾನೇ ಇಟ್ಟು ಬಂದೆ, ನೀರು ಕಾಯುವಷ್ಟರಲ್ಲಿ ಬಟ್ಟೆ ಹರವಿಬಿಡೋಣ ಎಂದು ಸ್ವಿಚ್ಚು ಹಾಕಿ ಬಂದೆ, ಬಚ್ಚಲಿನ ಬಾಗಿಲು ಎಳೆದುಕೊಂಡೆನಾ, ಎಳೆದುಕೊಂಡೆ, ಅದು ನಿಲ್ಲುವುದಿಲ್ಲ, ಚಳಿಗಾಲದಲ್ಲಿ ಮರ ಸೊಟ್ಟಗಾಗಿ ತನ್ನಷ್ಟಕ್ಕೆ ತೆರೆದುಕೊಳ್ಳುತ್ತದೆ, ಈಗ ಆ ನೀರಿನಲ್ಲಿ ಕರೆಂಟು, ಅವಳಿಗೆ ಬಕೆಟ್ಟು ಕಂಡರೆ ಮೊದಲು ಕೈ ಅದ್ದಬೇಕು. ಚಾನ ಅಂದು ತಿರುಗಿದಳು. ಬೆನ್ನು. ಒಂದು ಕಾಲಲ್ಲಿ ಚೀಲ, ಒಂದು ಬರಿಗಾಲು, ನಡುವೆ ಸಣ್ಣ ಬೆನ್ನು, ಕಿಟಕಿಯ ಬಿಸಿಲು ಬಿದ್ದು ಹಾಲಿನ ಬಣ್ಣ, ಪಡಸಾಲೆ ದಾಟಿ ಬಚ್ಚಲಿನ ಕಡೆಗೆ. ಪಕ್ಕು, ನಿಲ್ಲು, ಕೂಗಿದೆ, ಎಷ್ಟು ಜೋರಾಗಿ ಕೂಗಿದೆನೆಂದರೆ ಪಾರಿವಾಳಗಳು ಎದ್ದುಹೋದವು, ಅವಳು ಕಿಲಕಿಲ ನಕ್ಕು ಓಡತೊಡಗಿದಳು. ಓಡುತ್ತಾಳೆ, ಪ್ರತಿ ಭಾನುವಾರ ಸ್ನಾನಕ್ಕೆ ಮುಂಚೆ ಇದೇ ಆಟ, ನಾನು ಕೂಗಿ ಬೆನ್ನಟ್ಟುವುದು, ಅವಳು ಓಡುವುದು, ಕೂಗಿದಷ್ಟೂ ಓಡುತ್ತಾಳೆ. ಹೂವಿನ ಕುಂಡ ಕೈಗೆ ಬಂತು, ಗಾಜು ಒಡೆಯಲಾ, ಗಾಜಿನ ಹಿಂದೆ ಕಬ್ಬಿಣದ ಸರಳು, ನನ್ನ ಕೈ ತೂರುವುದಿಲ್ಲ, ಕುಂಡ ಇಟ್ಟೆ, ಏನು ಮಾಡಿದರೆ ತಿರುಗಿ ಬರುತ್ತಾಳೆ, ಯಾವಾಗ ತಾನಾಗಿ ಬರುತ್ತಾಳೆ, ನಾನು ಕಾಣದಿದ್ದರೆ, ಅಪ್ಪ ಕಾಣದಿದ್ದರೆ ಹುಡುಕಲು ಬರುತ್ತಾಳೆ. ಕೂತುಬಿಟ್ಟೆ. ಗಾಜಿಗಿಂತ ಕೆಳಗೆ, ಬಾಗಿಲಿನ ಹಲಗೆಗೆ ಒರಗಿ, ಒದ್ದೆ ನೆಲದ ಮೇಲೆ. ಅಪ್ಪ ಎಲ್ಲಿ, ಅಂದೆ, ಹಾಡಿನ ಹಾಗೆ, ಅಪ್ಪ ಎಲ್ಲೀ. ಸದ್ದಿಲ್ಲ. ಕಾಣುವುದಿಲ್ಲ ನನಗೆ ಏನೂ, ಎದ್ದು ನೋಡಿದರೆ ಅವಳಿಗೆ ಕಾಣುತ್ತೇನೆ, ಆಟ ಕೆಡುತ್ತದೆ, ನೋಡದೆ ಕೂರಬೇಕು, ಮಗು ಆ ಬಚ್ಚಲಿನ ಹೊಸ್ತಿಲಲ್ಲಿ ಇದ್ದಾಳೋ ದಾಟಿದಳೋ, ನೋಡದೆ ಕೂರಬೇಕು, ಅಪ್ಪ ಕಳೆದುಹೋದ, ಅಪ್ಪ ಎಲ್ಲೀ. ಹುಟ್ಟಿದ ದಿನ ನರ್ಸು ತಂದು ಕೈಯಲ್ಲಿ ಕೊಟ್ಟಾಗ ಕೂಡ ನನಗೆ ಉಸಿರು ಹೀಗೆ ನಿಂತಿತ್ತು, ಆಗ ಭಾರವೇ ಇಲ್ಲ ಅನ್ನಿಸಿ, ಈಗ — ಪಟ್, ಪಟ್. ಬರಿಗಾಲಿನದು ಕೇಳಿಸುತ್ತದೆ, ಚೀಲದ ಕಾಲಿನದು ಕೇಳಿಸುವುದಿಲ್ಲ, ಒಂದು ಬಿಟ್ಟು ಒಂದು, ಪಟ್, ಪಟ್, ಹತ್ತಿರ ಬಂತು. ಅಪ್ಪಾ ಕಹಾಂ, ಅಂದಿತು ಹಲಗೆಯ ಆಚೆ. ಕಹಾಂ ಅನ್ನು ತಾಯಿ, ಏನು ಬೇಕಾದರೂ ಅನ್ನು, ಯಾವ ಭಾಷೆಯಲ್ಲಾದರೂ ಅನ್ನು. ಬೂ ಎಂದು ಎದ್ದೆ, ಕುಪ್ಪಳಿಸಿ ನಕ್ಕಳು, ಮತ್ತೆ ಕೂತೆ.

ಕೂತಾಗಲೆಲ್ಲ ಬಾಲ್ಕನಿಯ ಕಂಬಿಯ ಕಡೆ ಅಂಬೆಗಾಲಿಟ್ಟು ಹೋಗುವುದು, ಕೆಳಗೆ ಹುಲ್ಲಿನ ಮೇಲೆ ಚಂದ್ರಪ್ರಭಾ ಆಂಟಿ, ಕೆಳಮನೆಯವರು, ಕಾನ್ಪುರದ ಕಡೆಯವರು, ಬಿಸಿಲಿಗೆ ಕುರ್ಚಿ ಹಾಕಿಕೊಂಡು ತಟ್ಟೆಯಲ್ಲಿ ಬಟಾಣಿ ಬಿಡಿಸುತ್ತಿದ್ದಾರೆ, ಕಿವಿಯಲ್ಲಿ ಮೊಬೈಲಿನ ಭಜನೆ, ಕೂಗಿದರೆ ಅವರಿಗೆ ಕೇಳಿಸುವುದಿಲ್ಲ, ಇವಳು ಓಡುತ್ತಾಳೆ. ಬಟ್ಟೆಯ ಕ್ಲಿಪ್ಪು ಎಸೆದೆ, ಹುಲ್ಲಿಗೆ ಬಿತ್ತು, ಎದ್ದು ಬೂ, ಕೂತು ಇನ್ನೊಂದು ಕ್ಲಿಪ್ಪು, ಬೂ, ಕೊನೆಗೆ ಕೈಗೆ ಸಿಕ್ಕಿದ್ದು ಪಕ್ಕುವಿನ ಒದ್ದೆ ಚಡ್ಡಿ, ಅದು ನೆಟ್ಟಗೆ ಹೋಗಿ ಬಟಾಣಿ ತಟ್ಟೆಯಲ್ಲಿ ಬಿತ್ತು. ಆಂಟಿ ಅದನ್ನು ಎರಡು ಬೆರಳಲ್ಲಿ ಎತ್ತಿ, ನೋಡಿ, ನಿಧಾನ ತಲೆಯೆತ್ತಿದರು, ಬೈಯಲು ಬಾಯಿ ತೆರೆದವರು ನನ್ನ ಮುಖ ನೋಡಿ ಕಿವಿಯಿಂದ ತಂತಿ ಎಳೆದರು. ನನ್ನ ಹಿಂದಿಯೆಲ್ಲ ಒಂದೇ ಸಲ ಉದುರಿತು, ಬಚ್ಚಿ ಅಂದರ್, ಬಾಥ್‌ರೂಮ್ ಮೇಂ ರಾಡ್, ಹಮಾರಾ ಮೇನ್ ಸ್ವಿಚ್ ಗಿರಾ ದೀಜಿಯೆ ಆಂಟಿಜೀ, ಎಲ್ಲ ಮನೆಗಳ ಮೇನ್ ಸ್ವಿಚ್ಚು ಇರುವುದು ಕೆಳಗೆ ಮೆಟ್ಟಿಲಿನ ಬುಡದಲ್ಲಿ, ನಮ್ಮದನ್ನು ಆರಿಸಿಬಿಡಿ ಎಂದು. ಏನು ಎತ್ತ ಕೇಳಲಿಲ್ಲ, ಮಂಡಿನೋವಿನವರು, ಮೆಟ್ಟಿಲು ಹತ್ತಲು ಕಂಬಿ ಹಿಡಿಯುವವರು, ತಟ್ಟೆ ಚೆಲ್ಲಿ ಎದ್ದ ರಭಸ ನೋಡಬೇಕಿತ್ತು, ಬಟಾಣಿಯೆಲ್ಲ ಹುಲ್ಲಿನ ಪಾಲು. ಬೂ. ಕೂತೆ. ಬೂ. ಪಡಸಾಲೆಯ ಟ್ಯೂಬ್‌ಲೈಟು ಆರಿತು. ಹೋಯಿತು ಕರೆಂಟು, ಹೋಯಿತು, ಕಂಬಿಗೆ ಹಣೆ ಇಟ್ಟುಕೊಂಡೆ, ತಣ್ಣಗಿತ್ತು, ಲೈಟ್ ಗಯಾ ಎಂದು ಒಳಗಿನಿಂದ ವರದಿ ಬಂತು. ಅಷ್ಟರಲ್ಲಿ ಆಂಟಿ ಮೇಲೆ ಬಂದು ನಮ್ಮ ಮುಂಬಾಗಿಲು ಬಡಿಯುತ್ತಿದ್ದಾರೆ, ಏದುಸಿರಿನಲ್ಲಿ, ಪಕ್ಕು ಬೇಟಾ, ಕುಂಡಿ ಖೋಲ್ ದೋ, ಪಾಪಾ ಕೀ ಕುಂಡಿ ಖೋಲ್ ದೋ ಬೇಟಾ. ಚಿಲಕಕ್ಕೆ ಹಿಂದಿಯಲ್ಲಿ ಕುಂಡಿ, ಅದು ನನಗೆ ಗೊತ್ತು, ಪಕ್ಕುವಿಗೆ ಗೊತ್ತಿರುವ ಕುಂಡಿ ನಮ್ಮ ಕನ್ನಡದ್ದು, ದಿನಾ ತೊಳೆಸಿಕೊಳ್ಳುವಂಥದ್ದು. ಗಂಭೀರವಾಗಿ ಮುಂಬಾಗಿಲಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಕೈ ಹಿಂದೆ ಮಾಡಿ ತನ್ನದನ್ನು ಎರಡು ಸಲ ತಟ್ಟಿಕೊಂಡು, ಕುಂಡಿ, ಅಂದಳು, ಆಂಟಿಗೆ ಸಿಕ್ಕಿತು ಎಂದು ತಿಳಿಸುವವಳ ಹಾಗೆ. ಆಂಟಿ ಮತ್ತೆ, ಹಾಂ ಬೇಟಾ, ಕುಂಡಿ. ಇವಳು ಮತ್ತೆ ತಟ್ಟಿಕೊಂಡಳು. ಪಾಪಾ ಕೀ ಕುಂಡಿ ಅಂದದ್ದಕ್ಕೆ ನನ್ನ ಕಡೆಗೂ ಬೆರಳು ತೋರಿಸಿದಳು. ನಾನು ಬಾಲ್ಕನಿಯ ನೆಲದ ಮೇಲೆ ನಗುತ್ತಿದ್ದೇನೆ, ಹೊಟ್ಟೆ ಹಿಡಿದುಕೊಂಡು, ಕಣ್ಣಿನಿಂದ ನೀರು ಧಾರಾಕಾರ, ಎದುರಿನ ಬ್ಲಾಕಿನವರು ಯಾರೋ ಕಿಟಕಿ ತೆಗೆದು ನೋಡಿದರು, ನೋಡಲಿ.

ನಗು ಇಳಿದ ಮೇಲೆ ಹೊಳೆಯಿತು, ತೆಗಿ ಅಂದರೆ ಬಟ್ಟೆ, ಖೋಲೋ ಅಂದರೆ ಬಾಯಿ, ಚಿಲಕಕ್ಕೆ ಅವಳಿಗೆ ಗೊತ್ತಿರುವ ಮಾತು ಒಂದೇ. ಎದ್ದು ನಿಂತೆ, ಬಾಗಿಲಿನ ಹಿಡಿಯನ್ನು ಹೊರಗಿನಿಂದ ಗಟ್ಟಿಯಾಗಿ ಹಿಡಿದುಕೊಂಡೆ, ಪಕ್ಕು, ಚಿಲಕ ಹಾಕಮ್ಮ, ಅಂದೆ. ಮುಖ ಅರಳಿತು. ಬಂದು ಬಗ್ಗಿದಳು, ಹಾಕಲು ನೋಡಿದರೆ ಆಗಲೇ ಹಾಕಿದೆ, ಒಂದು ಕ್ಷಣ ಯೋಚಿಸಿದಳು, ನಿನ್ನೆಯ ಹಾಗೆ ಮೊದಲು ಅದನ್ನು ಸರಿಸಬೇಕಲ್ಲ, ಎರಡೂ ಕೈಯಲ್ಲಿ ಹಿಡಿದು ನಾಲಿಗೆ ಹೊರಗೆ ಚಾಚಿ ಎಳೆದಳು, ಕಬ್ಬಿಣ ಕಿರುಗುಟ್ಟಿ ಸರಿಯಿತು, ಮತ್ತೆ ನೂಕುವುದರೊಳಗೆ ನಾನು ಬಾಗಿಲು ಎಳೆದೆ. ಒಳಗೆ. ನೆಲಕ್ಕೆ ಕೂತು ಎತ್ತಿಕೊಂಡೆ, ಮಂಜುಗಡ್ಡೆಯಂಥ ಮೈ, ಅಪ್ಪ ಗೀಲಾ, ಅಪ್ಪ ಒದ್ದೆ, ಎಂದು ನೂಕುತ್ತಿದ್ದಾಳೆ, ಇನ್ನೂ ಚಿಲಕ ಹಾಕಿ ಆಗಿಲ್ಲವೆಂದು ಅಳು ಬೇರೆ, ಅಳುವವಳನ್ನು ಕಂಬಳಿಯಲ್ಲಿ ಸುತ್ತಿ, ರಾಡಿನ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಮುಂಬಾಗಿಲು ತೆಗೆದರೆ ಆಂಟಿ, ಆಂಟಿಯ ಹಿಂದೆ ಮೆಟ್ಟಿಲಿನಲ್ಲಿ ರೊಟ್ಟಿಯ ಗಂಟು ಎದೆಗವಚಿಕೊಂಡ ಸ್ಫೂರ್ತಿ. ಆಂಟಿ ಹಿಂದಿಯಲ್ಲಿ ಹೇಳುತ್ತಾ ಹೋದರು, ನಾನು ಕನ್ನಡದಲ್ಲಿ ಸೇರಿಸುತ್ತಾ ಹೋದೆ, ಕುಂಡಿಯ ಕಥೆಗೆ ಬಂದಾಗ ಸ್ಫೂರ್ತಿ ಗೋಡೆ ಹಿಡಿದುಕೊಂಡು ನಕ್ಕಳು, ಅರ್ಥ ಬಿಡಿಸಿ ಹೇಳಿದ ಮೇಲೆ ಆಂಟಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆಂಟಿಗೆ ರೊಟ್ಟಿ ಕಟ್ಟಿಕೊಟ್ಟು, ಬಟಾಣಿ ನಾನು ತಂದುಕೊಡುತ್ತೇನೆಂದು ಹೇಳಿ ಕಳಿಸಿ ಬಾಗಿಲು ಹಾಕಿದೆ. ಆಗ ಸ್ಫೂರ್ತಿ ನಗುತ್ತಿರಲಿಲ್ಲ. ಬಚ್ಚಲಿನ ಬಾಗಿಲಲ್ಲಿ ನಿಂತು ಬಕೆಟ್ಟನ್ನೇ ನೋಡುತ್ತಿದ್ದಳು, ಹಬೆಯಾಡುತ್ತಿತ್ತು ಇನ್ನೂ. ಒಳಗೆ ಹೋಗಿದ್ಲಾ, ಎಂದು ಕೇಳಿದಳು. ಇಲ್ಲ, ವಾಪಸ್ ಬಂದ್ಲು, ಅಂದೆ. ಎಷ್ಟು ದೂರದವರೆಗೆ ಹೋಗಿದ್ಲು ರೀ. ಗೊತ್ತಿಲ್ಲ ಅಂದೆ, ನಾನು ನೋಡ್ತಿರಲಿಲ್ಲ. ಅವಳು ಬೈಯಲಿಲ್ಲ, ರಾಡನ್ನು ಒರೆಸಿ ಹಳೆ ಟವೆಲಿನಲ್ಲಿ ಸುತ್ತಿ ಅಟ್ಟದ ಮೇಲೆ ಎಸೆದಳು, ಸ್ಟೌವಿನ ಮೇಲೆ ದೊಡ್ಡ ಪಾತ್ರೆ ಇಟ್ಟಳು, ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಈಗ ಸ್ನಾನ, ಚಾನ ಚಾನ ಎಂದು ಅಷ್ಟು ಕೇಳಿದ್ದವಳಿಗೆ ಕೊನೆಗೂ, ಸ್ಫೂರ್ತಿ ಬೆರಳಿಟ್ಟು ನೋಡಿ ನೋಡಿ ಹದ ಮಾಡಿದ ನೀರು, ಅವಳು ಮಗ್ಗಿನಲ್ಲಿ ಹುಯ್ಯುತ್ತಾಳೆ, ನಾನು ಸೋಪು ಹಚ್ಚುತ್ತೇನೆ, ಪಕ್ಕು ನೀರು ತಟ್ಟಿ ನಮ್ಮಿಬ್ಬರನ್ನೂ ನೆನೆಸುತ್ತಿದ್ದಾಳೆ, ಹೊಸ ವಿದ್ಯೆಯೊಂದು ಬಂದಿದೆ, ಕುಂಡಿ ಖೋಲೋ ಅಪ್ಪಾ ಎಂದು ಹೇಳಿ ನಾವು ನಗುವುದನ್ನು ಕಾಯುತ್ತಾಳೆ, ನಕ್ಕರೆ ಮತ್ತೆ ಹೇಳುತ್ತಾಳೆ, ನಾಳೆ ಇದು ಕ್ರೆಶ್‌ಗೆ ಹೋಗುತ್ತದೆ, ಅಲ್ಲಿಂದ ಸ್ಫೂರ್ತಿಯ ಆಫೀಸಿಗೆ, ನಾನಂತೂ ಮಾನೇಸರದಲ್ಲಿ ಬಾಯಿ ಬಿಡುವುದಿಲ್ಲ, ಲಾಕು ಪಾಸು ಮಾಡುವವನನ್ನು ಮಗಳು ಹೊರಗೆ ಹಾಕಿದಳೆಂದರೆ ವರ್ಷವಿಡೀ ಆಡಿಕೊಳ್ಳುತ್ತಾರೆ, ಚಿಲಕವನ್ನು ಇನ್ನೂ ಮೇಲೆ ಹಾಕಿಸಬೇಕು, ಬಚ್ಚಲಿನ ಬಾಗಿಲು ಕೆತ್ತಿಸಬೇಕು, ಬಡಗಿ ಭಯ್ಯಾ ಸಿಗುವುದು ಎಂದೋ, ಕತ್ತು ಆಯಿತು, ಕೈ ಆಯಿತು, ತಿರುಗು ಪಕ್ಕು, ಅಂದೆ. ತಿರುಗಿದಳು. ಸೋಪಿನ ಕೈ ಗಾಳಿಯಲ್ಲೇ ನಿಂತಿತು. ಏನಾಯ್ತು ಎಂದು ಸ್ಫೂರ್ತಿ ಕೇಳುತ್ತಿದ್ದಾಳೆ, ಏನಿಲ್ಲ, ನನ್ನ ಅಂಗೈಯಿಂದ ಮುಚ್ಚಿಬಿಡಬಹುದು, ಅಷ್ಟೇ ಅಗಲ, ಬೆಚ್ಚಗಿದೆ, ಕೈಗೆ ಸಿಗುವಷ್ಟು ಹತ್ತಿರದಲ್ಲಿದೆ, ಮುಟ್ಟಿದ್ದೇನೆ, ಮುಟ್ಟಿಯೇ ಇದ್ದೇನೆ, ಆದರೂ ನಡುವೆ ಗಾಜಿದೆ, ಗಾಜಿನಾಚೆ ಕಿಟಕಿಯ ಬಿಸಿಲಿನಲ್ಲಿ, ನಾನು ಕೂಗಿದಷ್ಟೂ ದೂರ ಓಡುತ್ತಾ, ಆ ಬೆನ್ನು —