ಪಕ್ಕದ ಮನೆಯ ಸಕ್ಕರೆ ಪಾಕ

ಸ್ಲೊವೇನಿಯಾದ ನಮ್ಮೂರಿನಲ್ಲಿ ಯೆರ್ನೇಯಾ ಸಾಕಿದ್ದ ಹದಿನೇಳು ಪೆಟ್ಟಿಗೆ ಜೇನ್ನೊಣಗಳೂ ಒಂದೇ ಚಳಿಗಾಲಕ್ಕೆ ಸತ್ತವು.

“ಇದು ನಿನ್ ಕೈಲಾಗೋ ಕೆಲ್ಸ ಅಲ್ಲ ಕಣೆ, ಕೋಳಿ ಸಾಕು,” ಎಂದು ಪಕ್ಕದ ಮನೆಯ ಲೋವ್ರೊ ನಕ್ಕ.

ಅವಳು ಸತ್ತ ನೊಣಗಳನ್ನು ಪರೀಕ್ಷೆಗೆ ಕಳಿಸಿದಳು. ಯಾವುದೋ ಆ್ಯಂಟಿಬಯೋಟಿಕ್ ಔಷಧಿ ಅವುಗಳ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನೆಲ್ಲ ಕೊಂದಿತ್ತು. ಲೋವ್ರೊ ತನ್ನ ನೊಣಗಳಿಗೆಂದು ತೊಟ್ಟಿಯಲ್ಲಿಡುತ್ತಿದ್ದ ಸಕ್ಕರೆ ಪಾಕವನ್ನು ಅವಳ ನೊಣಗಳೂ ಕುಡಿಯುತ್ತಿದ್ದವು.

ಯೆರ್ನೇಯಾ ಬಾಯಿ ಬಿಡಲಿಲ್ಲ. ಅವನ ಜೇನುತುಪ್ಪವನ್ನೂ ಕೊಂಡು ಪರೀಕ್ಷೆ ಮಾಡಿಸಿದಳು. ಜೇನು ಸಾಕುವವರ ಸಂಘದ ಸಭೆಯಲ್ಲಿ ಒಳ್ಳೆಯ ಜೇನಿಗೆಂದು ಅವನ ಕೊರಳಿಗೆ ಪದಕ ಹಾಕುವಾಗ ಎದ್ದು ವರದಿ ಓದಿದಳು. ಅವನ ಜೇನಿನಲ್ಲೂ ಅದೇ ಔಷಧಿಯಿತ್ತು.

“ಮೊದ್ಲೇ ನಂಗೊಂದ್ ಮಾತು ಹೇಳ್ಬಾರ್ದಿತ್ತೇನೇ?” ಎಂದು ಲೋವ್ರೊ ತೊದಲಿದ.

“ಹೇಳ್ತಿದೀನಲ್ಲ, ಮೈಕಲ್ಲಿ!”

ಅಧಿಕಾರಿಗಳು ಅವನ ಜೇನನ್ನೆಲ್ಲ ಗುಂಡಿಗೆ ಸುರಿಸಿದ ದಿನ ಅವಳು ಬೇಲಿ ಪಕ್ಕ ಕುರ್ಚಿ ಹಾಕಿಕೊಂಡು ಕೊನೆಯ ಡಬ್ಬದವರೆಗೂ ನೋಡಿದಳು.