ತೊಳೆಯಬಾರದ ಬಟ್ಟೆ

"ಮೇಲೆತ್ರೋ, ಇನ್ನೂ ಮೇಲಕ್ಕೆ! ರಸ್ತೆಗೆಲ್ಲ ಕಾಣ್ತೈತೆ," ಎಂದು ಕೂಗುತ್ತಲೇ ಶಿವರಾಜ್ ಅಣ್ಣನ ಹೆಣದ ಮೇಲೆ ಇನ್ನೊಂದು ಬಿಂದಿಗೆ ನೀರು ಸುರಿದ.

ಸಾರಕ್ಕಿಯ ಆ ಗಲ್ಲಿ, ಎರಡು ಆಟೊ ಎದುರುಬದುರಾದರೆ ಜಗಳ ಗ್ಯಾರಂಟಿ ಎನ್ನುವಷ್ಟು ಕಿರಿದು. ತೀರಿಕೊಂಡ ದಾಸಪ್ಪನ ಮನೆಯೊಳಗೆ ಹೆಣ ತೊಳೆಯುವಷ್ಟು ಜಾಗವಿರಲಿಲ್ಲ. ಬಾಗಿಲ ಮುಂದೆಯೇ ಬೆಂಚು ಹಾಕಿ ಮಲಗಿಸಿದ್ದರು. ಎರಡು ಪಕ್ಕ ಗೋಡೆ, ರಸ್ತೆಯ ಕಡೆಗೆ ಮಾತ್ರ ಇಬ್ಬರು ಅಗಲವಾದ ದಪ್ಪ ಬಟ್ಟೆಯೊಂದನ್ನು ಎತ್ತಿ ಮರೆ ಹಿಡಿದಿದ್ದರು. ಅದರಾಚೆ ನೆರೆಹೊರೆಯವರೆಲ್ಲ ನಿಂತಿದ್ದರು. ತರಕಾರಿ ಗಾಡಿಯವನೂ ಕೂಗು ನಿಲ್ಲಿಸಿ ನಿಂತಿದ್ದ.

ಹೊಸ ಪಂಚೆ ಹಿಡಿದು ಒಳಗಿನಿಂದ ಬಂದ ಮಗಳು ತೇಜಸ್ವಿನಿ, ಅಪ್ಪನನ್ನು ಹಾಗೆ ನೋಡಬಾರದೆಂದು ತಲೆ ತಗ್ಗಿಸಿದಳು. ಅವಳಿಗೆ ಮೊದಲು ಕಂಡದ್ದು ನೀರು. ಬೆಂಚಿನ ಕೆಳಗಿಂದ ಮೋರಿಯತ್ತ ಹರಿಯುತ್ತಿದ್ದ ನೀರು ಕೆಂಪಗಿತ್ತು. ರಕ್ತವೇನೋ ಎಂದುಕೊಂಡಳು. ಅಷ್ಟರಲ್ಲಿ ನೀಲಿ ಬಣ್ಣದ ಎಳೆಯೊಂದು ಬಂದು ಅದರೊಳಗೆ ಸೇರಿತು.

ತಲೆಯೆತ್ತಿದಳು. ಮರೆ ಹಿಡಿದಿದ್ದದ್ದು ಅಪ್ಪ ಬರೆದ ಚಿತ್ರ.

"ಚಿಕ್ಕಪ್ಪಾ, ಅದನ್ನ ಎಲ್ಲಿಂದ ತಂದ್ರಿ?"

"ಟೆರೇಸ್ ರೂಮಲ್ಲಿತ್ತು ಕಣಮ್ಮ. ಕೆಲ್ಸದ ಬಟ್ಟೆ ಅಲ್ವಾ, ನೆಲಕ್ಕೆ ಹಾಸೋದು? ಸೀರೆ ಹಿಡಿದ್ರೆ ಬಿಸಿಲಿಗೆ ಎಲ್ಲಾ ಕಾಣುತ್ತೆ. ಇದಾದ್ರೆ ದಪ್ಪ ಐತೆ."

ಅವನದು ತಪ್ಪೆನ್ನಲಾಗದು. ಶಿವರಾಜನೂ ಅಣ್ಣನ ಹಾಗೆ ಮನೆಗಳಿಗೆ ಬಣ್ಣ ಹೊಡೆಯುವವನೇ. ಅಂಥವರ ಕಣ್ಣಿಗೆ ಬಣ್ಣ ಚೆಲ್ಲಿದ ಬಟ್ಟೆ ಎಂದರೆ ನೆಲ ಹಾಳಾಗದಿರಲಿ ಎಂದು ಹಾಸುವ ಬಟ್ಟೆ, ಇನ್ನೇನಿದ್ದೀತು?

*

ತೇಜಸ್ವಿನಿ ಇನ್ನೂ ಶಾಲೆಯಲ್ಲಿದ್ದಾಗ, ಜಯನಗರದ ಒಂದು ಮನೆಗೆ ಕೆಲಸಕ್ಕೆ ಹೋದ ದಾಸಪ್ಪ ಗೋಡೆಯ ಮೇಲಿನ ದೊಡ್ಡ ಚಿತ್ರವೊಂದನ್ನು ಇಳಿಸುತ್ತ ಹಾಗೇ ನಿಂತುಬಿಟ್ಟಿದ್ದ. ಅದರಲ್ಲಿ ಮರವಿಲ್ಲ, ಮನುಷ್ಯರಿಲ್ಲ, ದೇವರಿಲ್ಲ. ಯಾರೋ ತೋಳು ಬೀಸಿ ಎಳೆದ ಗೆರೆಗಳು, ಚಿಮ್ಮಿದ ಹನಿಗಳು, ಅಂಗೈಯಿಂದ ಒರಸಿದ ಗುರುತುಗಳು. ಮನೆಗೆ ಬಂದು ಹೆಂಡತಿ ಮುನಿಯಕ್ಕನಿಗೆ ಹೇಳಿದ: "ಅದನ್ನ ಬರೆಯೋವಾಗ ಅವ್ನಿಗೆ ಸಿಟ್ಟು ಬಂದಿತ್ತು ಕಣೆ. ಆಮೇಲೆ ಇಳೀತು. ಎಲ್ಲಾ ಕಾಣುತ್ತೆ."

ದಿನವಿಡೀ ಸ್ವಿಚ್‌ಬೋರ್ಡಿಗೆ ತಾಗದಂತೆ, ಗಡಿ ದಾಟದಂತೆ ರೋಲರ್ ಆಡಿಸುವ ಕೈಯನ್ನು ಅಂದಿನಿಂದ ಸಂಜೆ ಟೆರೇಸಿನಲ್ಲಿ ಹಗ್ಗ ಬಿಚ್ಚಿದ ಕರುವಿನ ಹಾಗೆ ಬಿಟ್ಟ. ಮುನಿಯಕ್ಕ ಕ್ಯಾನ್ವಾಸಿನ ಮೂರು ಪಟ್ಟಿ ಸೇರಿಸಿ ಹೊಲಿದುಕೊಟ್ಟಳು. ಕೆಲಸದಲ್ಲಿ ಉಳಿದ ಪುಡಿ ಡಿಸ್ಟೆಂಪರನ್ನು ನೀರಿಗೆ ಕಲಸಿ, ಸುಣ್ಣದ ಬ್ರಷ್ಷಿನಿಂದ ಬೀಸಿ ಬರೆಯುವುದು, ಎರಡು ದಿನ ನೋಡುವುದು, ಆಮೇಲೆ ತೊಳೆದುಬಿಡುವುದು. ಗಂಡಹೆಂಡಿರಿಬ್ಬರೂ ಎರಡು ತುದಿ ಹಿಡಿದು ಹಿಂಡಿ ಒಣಹಾಕಿದರೆ ಅದೇ ಬಟ್ಟೆ ಮತ್ತೆ ಮುಂದಿನ ಚಿತ್ರಕ್ಕೆ.

"ಒಂದು ಗಿಳಿನಾದ್ರೂ ಬರೀಬಾರ್ದಾ? ಜನಕ್ಕೆ ತೋರಿಸ್ಬೋದು," ಎಂದು ಮುನಿಯಕ್ಕ ಹಿಂಡುತ್ತಲೇ ಅಣಕಿಸುತ್ತಿದ್ದಳು.

"ಬರೆದು ಇಡೋಕೆ ಜಾಗ ಎಲ್ಲೈತೆ ನಮಗೆ?" ಎಂದು ಅವನು ನಗುತ್ತಿದ್ದ. ಅಷ್ಟು ವರ್ಷಗಳ ಚಿತ್ರಗಳೆಲ್ಲ ಸಾರಕ್ಕಿಯ ಮೋರಿ ಸೇರಿದವು. ಊರಿಗೆಲ್ಲ ಬಣ್ಣ ಹೊಡೆದವನ ಮನೆಯ ಗೋಡೆ ಮಾತ್ರ ಉದುರುತ್ತಲೇ ಇತ್ತು.

*

"ನಿಲ್ಸಿ ಚಿಕ್ಕಪ್ಪ! ಅದು ಅಪ್ಪ ಬರೆದಿದ್ದು. ನೀರಿಗೆ ಹೋಗ್ಬಿಡುತ್ತೆ!"

ಒಂದು ತುದಿ ಹಿಡಿದಿದ್ದ ಪಕ್ಕದ ಮನೆಯ ಚಿದಾನಂದ್ ಗಾಬರಿಯಿಂದ ಕೈ ಇಳಿಸಿದರು. ಮರೆ ಜಾರಿತು. ಎದ್ದ ಪಕ್ಕೆಲುಬು, ಬತ್ತಿದ ತೊಡೆ, ದಾಸಪ್ಪನ ಬರಿಮೈ ಗಲ್ಲಿಗೆಲ್ಲ ಕಂಡಿತು. ಯಾರೋ ಹೆಂಗಸು "ಅಯ್ಯೋ" ಎಂದು ಮುಖ ತಿರುಗಿಸಿದಳು.

"ಎತ್ರೋ!" ಶಿವರಾಜನ ದನಿ ಒಡೆಯಿತು. "ನಮ್ಮಣ್ಣನ ಮಾನ ಕಳೀಬೇಡ್ರೋ!"

ಆಸ್ಪತ್ರೆಯಲ್ಲಿ ನರ್ಸು ಬಟ್ಟೆ ಬದಲಿಸಲು ಬಂದರೂ ಹೊದಿಕೆಯನ್ನು ಬಿಗಿಹಿಡಿಯುತ್ತಿದ್ದ ಮನುಷ್ಯ ಅವನು. ತೇಜಸ್ವಿನಿ ನುಗ್ಗಿ ಚಿದಾನಂದರ ಕೈಯಿಂದ ತುದಿಯನ್ನು ಕಿತ್ತುಕೊಂಡು ತಾನೇ ತಲೆಯ ಮೇಲಕ್ಕೆ ಎತ್ತಿದಳು. ಇನ್ನೊಂದು ತುದಿ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ವೇಣುವಿನ ಕೈಯಲ್ಲಿತ್ತು.

"ಅಂಕಲ್, ಒಳಗಿಂದ ಬೆಡ್‌ಶೀಟ್ ತನ್ನಿ, ಬೇಗ! ಚಿಕ್ಕಪ್ಪ, ಒಂದ್ನಿಮಿಷ ತಡೀರಿ."

"ಸೋಪ್ ಹಚ್ಚಿ ಆಗೈತೆ ಕಣಮ್ಮ. ಅರ್ಧಕ್ಕೆ ನಿಲ್ಲಿಸ್ಬಾರ್ದು. ನೀನು ಒಸಿ ಹಿಂದಕ್ಕೆ ಎಳ್ಕೊ, ತಾಗದಂಗೆ ಹಾಕ್ತೀನಿ."

ಹಿಂದೆ ಎಲ್ಲಿ ಹೋಗುವುದು? ಬೆನ್ನಿಗೇ ಜನ. ಅತ್ತ ದರಿ, ಇತ್ತ ಪುಲಿ. ಕೈ ಇಳಿಸಿದರೆ ಅಪ್ಪ ಬೀದಿಗೆ ಬೀಳುತ್ತಾನೆ, ಎತ್ತಿ ಹಿಡಿದರೆ ಅಪ್ಪನ ಗುರುತು ಮೋರಿಗೆ ಹೋಗುತ್ತದೆ. ಶಿವರಾಜ್ ಎಷ್ಟು ಹುಷಾರಾಗಿ ಸುರಿದರೂ ನೀರು ಹೆಣಕ್ಕೆ ಬಡಿದು ಬಟ್ಟೆಗೆ ಎರಚುತ್ತಿತ್ತು.

*

ಕಳೆದ ತಿಂಗಳು ಒಂದು ಸಂಜೆ ದಾಸಪ್ಪ ಟೆರೇಸಿಗೆ ಹೋಗಬೇಕೆಂದು ಹಟ ಹಿಡಿದ. ಜೀವಮಾನವೆಲ್ಲ ಗೋಡೆ ಉಜ್ಜಿದ ಧೂಳು ಕುಡಿದ ಶ್ವಾಸಕೋಶ, ಎರಡು ಮೆಟ್ಟಿಲಿಗೊಮ್ಮೆ ಅವನನ್ನು ನಿಲ್ಲಿಸುತ್ತಿತ್ತು. ಮೇಲೆ ನಿಲ್ಲಲೂ ಆಗಲಿಲ್ಲ. ತೇಜಸ್ವಿನಿ ಹಿಂದಿನಿಂದ ಅವನ ಸೊಂಟವನ್ನು ತಬ್ಬಿ ಹಿಡಿದಳು.

"ಬಿಡಬೇಡ."

"ಇಲ್ಲಪ್ಪ, ನೀವು ಬರೀರಿ."

ಅವನು ಕೆಂಪು ಬೀಸಿದ. ಆ ಬೀಸಿಗೆ ಅವಳೂ ತೂಗಿದಳು. ನೀಲಿ ಎಳೆಯುವಾಗ ಕೆಮ್ಮು ಬಂತು. ಉಸಿರು ಸಿಕ್ಕಿಕೊಂಡ ಕಡೆ ಗೆರೆ ನಡುಗಿ ತುಂಡಾಯಿತು. ಅವನು ಅದನ್ನು ತಿದ್ದಲಿಲ್ಲ. ಬೋರಲು ಹಾಕಿದ ಬಕೆಟ್ ಮೇಲೆ ಕೂತು ಕತ್ತಲಾಗುವವರೆಗೂ ನೋಡಿದ.

"ಇದನ್ನ ತೊಳೀಬೇಡ ಕಣಮ್ಮ. ಬುದ್ಧನ ಫೋಟೊ ಎದುರಿಗೆ ಹಾಕು. ನಾನೂ ಇದ್ದೆ ಅಂತ ಇದೊಂದು ಇರ್ಲಿ."

"ಹಾಕ್ತೀನಪ್ಪ, ಭಾನುವಾರನೇ ಹಾಕ್ತೀನಿ," ಎಂದಿದ್ದಳು. ಸುತ್ತಿ ಟೆರೇಸ್ ರೂಮಿನಲ್ಲಿಟ್ಟಳು. ಭಾನುವಾರಕ್ಕೆ ಮೊದಲೇ ಆಸ್ಪತ್ರೆ ಬಂತು. ಆಮೇಲೆ ಓಡಾಟದಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ.

*

ಈಗ ಅವಳ ಕಣ್ಣೆದುರೇ ಕೆಂಪು ಇಳಿಯುತ್ತಿತ್ತು. ಕೆಮ್ಮು ಬಂದು ತುಂಡಾದ ಆ ನೀಲಿ ಗೆರೆ ಮೊದಲು ಊದಿಕೊಂಡಿತು, ಆಮೇಲೆ ಎರಡೂ ತುಂಡು ಒಂದಾಗಿ ಜಾರಿದವು. "ಸಾಕು ಚಿಕ್ಕಪ್ಪ, ಸಾಕು," ಎಂದು ಅವಳು ಅಳುತ್ತಿದ್ದಳು. ಜನ ಅಪ್ಪನಿಗಾಗಿ ಅಳುತ್ತಿದ್ದಾಳೆ ಎಂದುಕೊಂಡರು. ತೋಳು ಸೋತರೂ ಬಟ್ಟೆ ಇಳಿಯಲು ಬಿಡಲಿಲ್ಲ.

ಚಿದಾನಂದ್ ಬಂದರು. ಕೈಯಲ್ಲಿ ಮೈ ಒರೆಸುವ ಟವೆಲ್ ಇತ್ತು. "ಬೆಡ್‌ಶೀಟ್ ಮೇಲೆಲ್ಲ ಜನ ಕೂತವ್ರೆ ಕಣಮ್ಮ. ಇದೇ ಸಿಕ್ಕಿದ್ದು."

ಪಂಚೆ ಉಡಿಸಿದರು, ಹಾರ ಹಾಕಿದರು, ಎತ್ತಿದರು. ವೇಣು ತನ್ನ ತುದಿಯನ್ನು ನೆಲಕ್ಕೆ ಬಿಟ್ಟು ಹೆಗಲು ಕೊಡಲು ಓಡಿದ. ವ್ಯಾನು ಬನಶಂಕರಿ ಸ್ಮಶಾನದ ಕಡೆಗೆ ಹೊರಟಿತು. ಹೆಂಗಸರು ಮನೆ ತೊಳೆಯಲು ಪೊರಕೆ, ಬಕೆಟ್ ಹುಡುಕತೊಡಗಿದರು.

ತೇಜಸ್ವಿನಿ ನಿಂತಲ್ಲೇ ನಿಂತಿದ್ದಳು. ಬಟ್ಟೆಯ ಉದ್ದಕ್ಕೂ ತೊಳೆದ ಬೀಟ್‌ರೂಟಿನ ನೀರಿನಂಥ ಪೇಲವ ಬಣ್ಣ. ಅವಳು ಮೇಲೆತ್ತಿ ಹಿಡಿದ ಅಂಚಿನಲ್ಲಿ, ಎರಡು ಮುಷ್ಟಿಗಳೊಳಗೆ ಮಾತ್ರ ನೀರು ತಾಗಿರಲಿಲ್ಲ. ಅಷ್ಟು ಅಪ್ಪ ಬರೆದ ಹಾಗೇ ಉಳಿದಿರಬೇಕು.

ಅತ್ತೂ ಅತ್ತೂ ಮುಖ ಊದಿದ್ದ ಮುನಿಯಕ್ಕ ಹೊರಗೆ ಬಂದಳು. ನೆಲದ ಮೇಲೆ ಒದ್ದೆಯಾಗಿ ಬಿದ್ದ ತುದಿ ಕಂಡದ್ದೇ, ಬಗ್ಗಿ ಎತ್ತಿಕೊಂಡು, ಯಾವಾಗಲೂ ನಿಲ್ಲುವ ಹಾಗೆ ಕಾಲಗಲಿಸಿ ನಿಂತಳು.

"ಹಿಡ್ಕೊ ತೇಜು, ಹಿಂಡಾಣ."

"ಇದನ್ನ ತೊಳೀಬೇಡ ಅಂದಿದ್ರಮ್ಮ ಅಪ್ಪ. ಇದೊಂದು ಇರ್ಲಿ ಅಂದಿದ್ರು."

ಮುನಿಯಕ್ಕ ಬಟ್ಟೆಯನ್ನೊಮ್ಮೆ, ಮೋರಿಯನ್ನೊಮ್ಮೆ ನೋಡಿದಳು. ತಿರುಚಲೆಂದು ಮಡಿಸಿದ ಕೈ ಹಾಗೇ ಸಡಿಲವಾಯಿತು. ಬಟ್ಟೆಯ ಮಡಿಕೆಗಳನ್ನು ಒಂದೊಂದಾಗಿ ಹಿಡಿಯುತ್ತ ಮಗಳ ಹತ್ತಿರ ಬಂದಳು.

"ಏನುಳ್ಕೊಂಡೈತೆ, ತೋರ್ಸು. ಕೈ ಬಿಚ್ಚು."

ತೇಜಸ್ವಿನಿ ಬಿಚ್ಚಲಿಲ್ಲ. ಮುಷ್ಟಿಯೊಳಗೆ ಅಂಗೈಯ ಬೆವರು ಬಟ್ಟೆಗೆ ಇಳಿಯುತ್ತಿತ್ತು.